ಥಂಡಿ ಕೋಣೆಯ ಕಾವು

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿಯ ಬಣ್ಣ ಕಾಯುತ್ತಾರೆ. ರಾಣೆಬೆನ್ನೂರಿನ ಬೀಜದ ಕೋಣೆಗಳಲ್ಲಿ ಕಾಯಬೇಕಾದದ್ದು ಜೀವ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಒಂದೊಂದೇ ಹೂವಿನ ಕೇಸರ ಕಿತ್ತು, ಕೈಯಾರೆ ಪರಾಗ ಮುಟ್ಟಿಸಿ ಪಡೆದ ಹೈಬ್ರಿಡ್ ಬೀಜ ಅದು.

ಅದನ್ನು ಉಳಿಸುವುದು ಥಂಡಿ ಎಂದು ನಂಬಿದ್ದೇವೆ. ಅದು ಅರ್ಧ ಸತ್ಯ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಅಂದಾಜು. ಅಷ್ಟೇ ಲಾಭ ಚಳಿಯಿಂದ ಬರಬೇಕಾದರೆ 5 ಡಿಗ್ರಿ ಇಳಿಸಬೇಕು. ನಮ್ಮ ಹಿರಿಯರು ಬೀಜವನ್ನು ಬಿಸಿಲಿಗೆ ಹಾಕಿ, ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ಬಿಸಿಲಿನ ಆ ಕೆಲಸವನ್ನು ಈಗ ಡಿಹ್ಯುಮಿಡಿಫೈಯರ್ ಮಾಡುತ್ತದೆ. ಕೋಣೆಯ ಗಾಳಿಯ ಪಸೆಯನ್ನು ಸಿಲಿಕಾ ಜೆಲ್ ತುಂಬಿದ ಚಕ್ರ ಹೀರುತ್ತದೆ. ಹೀರಿದ್ದನ್ನು ಹೊರಹಾಕಲು ಚಕ್ರದ ಇನ್ನೊಂದು ಭಾಗಕ್ಕೆ ನೂರು ಡಿಗ್ರಿ ದಾಟಿದ ಬಿಸಿಗಾಳಿ ಬೇಕು. ಅದನ್ನು ಕೊಡುವುದು ಕರೆಂಟ್ ಹೀಟರ್. ಚಳಿಯ ಕೋಣೆ ಬದುಕಿರುವುದು ಒಂದು ಕಾವಿನ ಮೇಲೆ!

ಆ ಹೀಟರ್ ಪೂರ್ತಿ ಕೆಟ್ಟರೆ ಯಾರಾದರೂ ಎಂದಾದರೂ ಗಮನಿಸುತ್ತಾರೆ. ಅರ್ಧ ಕೆಡುವುದೇ ಕಷ್ಟ. ಮೂರು ಫೇಸಿನಲ್ಲಿ ಒಂದು ಹೋದರೆ, ನ್ಯೂಟ್ರಲ್ ಇಲ್ಲದ ಜೋಡಣೆಯಲ್ಲಿ ಕಾವು ಅರ್ಧಕ್ಕೆ ಬೀಳುತ್ತದೆ. 230 ವೋಲ್ಟಿನ ಹೀಟರಿಗೆ 180 ಸಿಕ್ಕರೆ ಉಳಿಯುವುದು ಶೇ 61ರಷ್ಟೇ. ಫ್ಯಾನ್ ಓಡುತ್ತದೆ, ಚಕ್ರ ತಿರುಗುತ್ತದೆ, ಗೋಡೆಯ ಮೇಲಿನ ಉಷ್ಣತೆಯ ಅಂಕಿ ಅಲುಗುವುದಿಲ್ಲ. ಕೇಳಿದರೆ, ‘ಥಂಡಿ ಐತಲ್ರೀ, ಮತ್ತೇನ್ ಬೇಕು?’ ಅಂತಾರೆ. ಪುನರ್ವಸು ಮಳೆ ಜಿಟಿಜಿಟಿ ಹಿಡಿದ ವಾರದಲ್ಲಿ ಬೀಜ ಮಾತ್ರ ಮೆಲ್ಲಗೆ ತೇವ ಕುಡಿಯುತ್ತಿರುತ್ತದೆ. ಅದು ಗೊತ್ತಾಗುವುದು ಮೊಳಕೆ ಪರೀಕ್ಷೆಯಲ್ಲಿ, ಇಲ್ಲವೇ ರೈತನ ಮಡಿಯಲ್ಲಿ.

ರಿಪೇರಿಗೆ ಬಂದವರ ಕೈ ಮೊದಲು ಹೋಗುವುದು ಹೀಟರ್ ಕಾಯಿಲ್‌ಗೇ. ಎಷ್ಟೋ ಸಲ ಅದು ನಿರಪರಾಧಿ. ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿ ಕಡಿಮೆಯಾದರೆ ಕಾವು ಅಲ್ಲೇ ಮಡುಗಟ್ಟುತ್ತದೆ, ಸುರಕ್ಷತೆಯ ಥರ್ಮೋಸ್ಟಾಟ್ ಲೈನು ಕಡಿಯುತ್ತದೆ. ಅದನ್ನು ತಪ್ಪಿಸಿ ನೇರ ವೈರು ಕೊಡುವ ಜಾಣತನವೂ ಕಂಡದ್ದೇ. ಕಾಯಿಲ್ ಸುಡುವುದು, ಬೆಂಕಿಯ ಭಯ ಹುಟ್ಟುವುದು ಅಲ್ಲಿಂದ. ನೋಡಬೇಕಾದ ಕ್ರಮ ಸರಳ: ಮೊದಲು ಗಾಳಿ, ಆಮೇಲೆ ಮೂರೂ ಫೇಸಿನ ಆಂಪಿಯರ್, ಆಮೇಲೆ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಕಾಂಟ್ಯಾಕ್ಟರ್, ಎಲ್ಲಕ್ಕೂ ಕೊನೆಗೆ, ಲೈನು ಪೂರ್ತಿ ಬಂದ್ ಮಾಡಿ, ಕಾಯಿಲ್.

ಯಂತ್ರದ ಬಗ್ಗೆ ಏನೂ ತಿಳಿಯದ ನಮಗೂ ಒಂದು ಕೆಲಸವಿದೆ. ಬೀಜ ಇಡುವವರು, ಕೊಳ್ಳುವವರು ಕೋಣೆಯ ಥಂಡಿ ಎಷ್ಟು ಎಂದು ಕೇಳುತ್ತೇವೆ. ತೇವ ಎಷ್ಟು ಎಂದೂ ಕೇಳೋಣ, ಅದನ್ನು ದಿನಾ ಬರೆದಿಟ್ಟ ಪುಸ್ತಕ ತೋರಿಸಿ ಎನ್ನೋಣ.