ಕ್ಷಮೆ ನನಗೂ ಬೇಕು

ಹಾಸಿಗೆ ಹಿಡಿದಿದ್ದ ಅತ್ತೆಯ ಮೇಲೆ ಒಂದು ರಾತ್ರಿ ರೇಗಿಬಿಟ್ಟೆ. ವಾರದೊಳಗೆ ಅವರು ತೀರಿಕೊಂಡರು. ಆಮೇಲೆ ಪ್ರತಿ ತಪಸ್ಸುಕಾಲದಲ್ಲೂ ಪಾಪನಿವೇದನೆಯಲ್ಲಿ ಅದನ್ನೇ ಹೇಳುತ್ತಿದ್ದೆ. ಕೊನೆಗೊಮ್ಮೆ ಸ್ವಾಮಿಗಳು ಕೇಳಿದರು: "ದೇವರು ಎಂದೋ ಕ್ಷಮಿಸಿಯಾಯಿತಮ್ಮ. ನೀವು ದೇವರಿಗಿಂತ ದೊಡ್ಡ ನ್ಯಾಯಾಧೀಶರೋ?"

ನನ್ನ ಪಶ್ಚಾತ್ತಾಪದೊಳಗೂ ಅಹಂಕಾರ ಅಡಗಿತ್ತು. 'ನಾನು ಅಂಥವಳಲ್ಲ' ಎಂಬ ಅಹಂಕಾರ. 1609ರಲ್ಲಿ ಸಂತ ಫ್ರಾನ್ಸಿಸ್ ದ ಸಾಲ್ ಸಂಸಾರಸ್ಥರಿಗಾಗಿ ಬರೆದ ಪುಸ್ತಕದಲ್ಲಿ, ತಪ್ಪಿದ ಮನಸ್ಸನ್ನು ಸಿಟ್ಟಿನಿಂದಲ್ಲ, ಕನಿಕರದಿಂದ ತಿದ್ದಬೇಕೆನ್ನುತ್ತಾರೆ. ಪೇತ್ರ ಗುರುವನ್ನು ಮೂರು ಬಾರಿ ಅರಿಯೆನೆಂದ, ಬಿಕ್ಕಿ ಅತ್ತ; ಆದರೂ ಹಿಂತಿರುಗಿ ಬಂದ. ನಿರಾಶನಾದ ಯೂದ ಬರಲಿಲ್ಲ.

ತನ್ನನ್ನು ತಾನು ಕ್ಷಮಿಸಿಕೊಳ್ಳುವುದೆಂದರೆ ತಪ್ಪನ್ನು ಸರಿಯೆನ್ನುವುದಲ್ಲ. ಅತ್ತೆಗೆ ಕೊಡಲಾಗದ ತಾಳ್ಮೆಯನ್ನು ಈಗ ಪಕ್ಕದ ಮನೆಯ ಅಜ್ಜಿಗೆ ಕೊಡುತ್ತೇನೆ. ನನಗೂ ಒಂದಿಷ್ಟು ಉಳಿಸಿಕೊಳ್ಳುತ್ತೇನೆ.