ತಂಪಿನ ಪರಿಮಾಣ

ಭೋಗೋಪಭೋಗ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಮನೆಯ ಪದಾರ್ಥಗಳನ್ನು ಎಣಿಸತೊಡಗಿದಾಗ ಹವಾನಿಯಂತ್ರಕವನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಆಹಾರಾದಿಗಳು ಭೋಗವೆಂದೂ, ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರಾದಿಗಳು ಉಪಭೋಗವೆಂದೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿಭಾಗಿಸುತ್ತದೆ. ಯಂತ್ರವು ವರ್ಷಾನುವರ್ಷ ಗೋಡೆಯ ಮೇಲಿರುವುದರಿಂದ ಉಪಭೋಗವೇ ಸರಿ. ‘ಹವಾನಿಯಂತ್ರಕ, ಒಂದು’ ಎಂದು ಬರೆದು ವ್ರತಿಯು ನಿಶ್ಚಿಂತನಾಗುತ್ತಾನೆ. ಆದರೆ ಅದರೊಳಗೆ ಹರಿಯುವ ವಿದ್ಯುತ್ತು ಅನ್ನದಂತೆ, ಉಂಡರೆ ಮುಗಿಯಿತು. ಅದು ಭೋಗ. ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ.

ಒಂದೂವರೆ ಟನ್ನಿನ ಯಂತ್ರವು ನಿಂತು ನಡೆದು ಗಂಟೆಗೆ ಸರಾಸರಿ 1 ಯೂನಿಟ್ ನುಂಗುವುದೆಂದು ಹಿಡಿದರೆ, ರಾತ್ರಿಗೆ 8 ಗಂಟೆಯಂತೆ ತಿಂಗಳಿಗೆ 240 ಯೂನಿಟ್. ಅಷ್ಟೇ ಹೊತ್ತು ತಿರುಗುವ 75 ವಾಟಿನ ಬೀಸಣಿಗೆಗೆ 18 ಸಾಕು. ಯೂನಿಟ್ಟಿಗೆ 6 ರೂಪಾಯಿಯಂತೆ ಎಣಿಸಿದರೆ ತಂಪಿನ ಬೆಲೆ 1,440 ರೂಪಾಯಿ. ಉಳ್ಳವನಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಮಿತಿಯೊಳಗೆ ಅಲ್ಪಕಾಲ ನಡೆಸುವವನಿಗೆ ಬೆಲೆಯೇ ಇಲ್ಲ. ಹೀಗೆ ರೂಪಾಯಿಯು ಒಬ್ಬನಿಗೆ ಸಡಿಲವಾದ, ಇನ್ನೊಬ್ಬನಿಗೆ ಶೂನ್ಯವಾದ ಅಳತೆಗೋಲು. ವ್ರತಕ್ಕೆ ಅದು ಒದಗದು. ಶಕ್ತಿನಗರದ ಕುಲುಮೆಯಲ್ಲಿ ಉರಿಯುವ ಕಲ್ಲಿದ್ದಲು ಬಿಲ್ಲು ಕಟ್ಟುವವನ ಅನುಕೂಲವನ್ನು ನೋಡಿ ಹೆಚ್ಚು ಕಡಿಮೆ ಉರಿಯುವುದಿಲ್ಲ.

ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲವೆಂಬುದೂ ವಿಚಾರಣೀಯ. ಕೋಣೆಯ ಶಾಖವನ್ನು ಸೆಳೆದು, ತಾನು ಉಂಡ ವಿದ್ಯುತ್ತಿನ ಶಾಖವನ್ನೂ ಕೂಡಿಸಿ ಹೊರಗೆ ಚೆಲ್ಲುತ್ತದೆ. ಆ ಬಿಸಿಗಾಳಿ ನೆರೆಮನೆಯ ಕಿಟಕಿಗೋ, ಗೇಟಿನ ಬಳಿ ಕುಳಿತ ಕಾವಲುಗಾರನಿಗೋ ತಗಲುತ್ತದೆ. ಈ ವೆಚ್ಚವನ್ನು ಯಾವ ಮೀಟರೂ ತೋರಿಸದು.

ಹಾಗೆಂದು ಯಂತ್ರವನ್ನೇ ನಿಂದಿಸುವುದು ಅವಿವೇಕ. ಉಷ್ಣಪರೀಷಹವನ್ನು ಜಯಿಸುವುದು ಮುನಿಗಳ ಮಾರ್ಗ; ಕಲಬುರಗಿಯ ಮೇ ತಿಂಗಳಿನಲ್ಲಿ ಗೃಹಸ್ಥನು ಅದನ್ನು ತನ್ನ ವೃದ್ಧ ತಾಯಿಯ ಮೇಲೆ ಹೇರಿದರೆ ಅದು ತಪಸ್ಸಾಗದು, ನಿರ್ದಯೆಯಾದೀತು. ಆದರೆ 18 ಡಿಗ್ರಿಗೆ ಇಳಿಸಿ, ಚಳಿಯಾಯಿತೆಂದು ರಗ್ಗು ಹೊದೆಯುವವನದು ಬೇರೆ ಮಾತು. ನಿಷ್ಪ್ರಯೋಜಕ ಹಿಂಸೆಯಾದ ಅನರ್ಥದಂಡಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಹುಡುಕಬೇಕಾಗಿಲ್ಲ. 2020ರ ಜನವರಿಯಿಂದ ಸರ್ಕಾರದ ನಿಯಮದಂತೆ ಹೊಸ ಯಂತ್ರಗಳು 24 ಡಿಗ್ರಿಯಲ್ಲೇ ಆರಂಭಗೊಳ್ಳುತ್ತವೆ. ಡಿಗ್ರಿಯೊಂದನ್ನು ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕೆಳಗಿಳಿಸುವ ಬೆರಳು ಮಾತ್ರ ಮನೆಯವನದೇ.

ಯಾವಜ್ಜೀವ ತ್ಯಾಗವು ಯಮ, ಕಾಲಮಿತಿಯುಳ್ಳದ್ದು ನಿಯಮ. ಬೇಸಿಗೆಯ ಮೂರು ತಿಂಗಳಿಗೆ ಇಂತಿಷ್ಟು ಯೂನಿಟ್ ಎಂಬ ನಿಯಮವನ್ನು ಯಾರಾದರೂ ಸ್ವೀಕರಿಸಬಹುದು. ಅತಿಥಿಗಳು ಬಂದ ರಾತ್ರಿಯ ಯೂನಿಟ್ಟುಗಳು ಯಾರ ಲೆಕ್ಕಕ್ಕೆ ಎಂಬುದನ್ನು ಮಾತ್ರ ಮನೆಮಂದಿಯೆಲ್ಲ ಕುಳಿತು ಮೊದಲೇ ನಿಶ್ಚಯಿಸಿಕೊಂಡಿರಬೇಕು.