ಅಂಕಿ ಯಾರ ಕೈಯಲ್ಲಿದೆ?

ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ಹತೋಟಿಯಲ್ಲಿಡುವುದು ಹೇಗೆ ಎಂಬ ಬಗ್ಗೆ ಟಾಮ್ ಡಿಮಾರ್ಕೊ 1982ರಲ್ಲಿ ಒಂದು ಪುಸ್ತಕ ಬರೆದರು. ಅಳೆಯಲಾಗದ್ದನ್ನು ಹತೋಟಿಗೆ ತರಲೂ ಆಗದು ಎಂಬುದು ಅದರ ಮೊದಲ ಮಾತು. ಆ ಮಾತು ಬೇಗನೆ ಮಂತ್ರವಾಯಿತು. ಪುಸ್ತಕ ಓದದವರೂ ಅದನ್ನು ಸ್ಲೈಡಿಗೆ ಹಾಕಿಕೊಂಡರು. 2009ರಲ್ಲಿ ಅದೇ ಡಿಮಾರ್ಕೊ ಒಂದು ವೃತ್ತಿ ಪತ್ರಿಕೆಯಲ್ಲಿ ಲೇಖನ ಬರೆದು ಮಂತ್ರವನ್ನು ಹೆಚ್ಚುಕಡಿಮೆ ವಾಪಸು ಪಡೆದರು. ಅವರ ತರ್ಕ ಸರಳ. ಹತ್ತು ಲಕ್ಷ ಡಾಲರ್ ಖರ್ಚು ಮಾಡಿ ಹನ್ನೊಂದು ಲಕ್ಷದ ಪ್ರಯೋಜನ ಕೊಡುವ ಪ್ರಾಜೆಕ್ಟನ್ನು ಬಿಗಿಯಾಗಿ ಹಿಡಿಯಲೇಬೇಕು. ಅಷ್ಟೇ ಖರ್ಚಿನಲ್ಲಿ ಐದು ಕೋಟಿ ಡಾಲರಿನ ಪ್ರಯೋಜನ ಕೊಡುವ ಪ್ರಾಜೆಕ್ಟು ಸ್ವಲ್ಪ ಹಳಿ ತಪ್ಪಿದರೂ ನಷ್ಟವಿಲ್ಲ. ಹತೋಟಿಯ ಹಟ ಹಿಡಿದವರು ಮೊದಲನೆಯ ಥರದ ಪ್ರಾಜೆಕ್ಟುಗಳಿಗೇ ಅಂಟಿಕೊಂಡಿರುತ್ತಾರೆ.

ಈ ಲೇಖನ ಬಂದಾಗ ಅಳತೆಯ ವಿರೋಧಿಗಳು ಖುಷಿಪಟ್ಟರು. ಖುಷಿಪಡುವಂಥದ್ದೇನೂ ಅದರಲ್ಲಿರಲಿಲ್ಲ. ಡಿಮಾರ್ಕೊ ಸಡಿಲಿಸಿದ್ದು ಹತೋಟಿಯ ಹಟವನ್ನು. ತಿಳಿಯುವುದಕ್ಕಾಗಿ ಅಳೆಯುವುದು ಹಾಗೇ ಉಳಿಯಿತು. ಕೆಲಸ ನಡೆಯುವ ರೀತಿ ಸುಧಾರಿಸಬೇಕಾದರೆ ಲೆಕ್ಕ ಇಡಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೆಲಸವನ್ನು ಅರಿಯುವ ಅಂಕಿಯಿಂದಲೇ ಕೆಲಸಗಾರನನ್ನೂ ತೂಗುತ್ತೇನೆಂದು ಹೊರಟ ಸಂಸ್ಥೆಗೆ ಕೊನೆಗೆ ಎರಡೂ ದಕ್ಕುವುದಿಲ್ಲ.

ಅಂಕಿ ಏರಿಳಿಯುತ್ತದೆ, ಏರಿಳಿದದ್ದಕ್ಕೆಲ್ಲ ಕಾರಣ ಇರುವುದಿಲ್ಲ. ಇದನ್ನು ಕಾರ್ಖಾನೆಯ ಭಾಷೆಗೆ ತಂದವರು ವಾಲ್ಟರ್ ಶೂಹಾರ್ಟ್. 1924ರ ಮೇ ತಿಂಗಳಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ತಮ್ಮ ಮೇಲಧಿಕಾರಿಗೆ ಅವರು ಒಂದು ಪುಟದಷ್ಟು ಟಿಪ್ಪಣಿ ಕೊಟ್ಟರು, ಅದರಲ್ಲೊಂದು ಚಿತ್ರವಿತ್ತು. ಇಂದು ಕಂಟ್ರೋಲ್ ಚಾರ್ಟ್ ಎನ್ನುವುದು ಅದನ್ನೇ. ಮೇಲೊಂದು ಗೆರೆ, ಕೆಳಗೊಂದು ಗೆರೆ. ನಡುವಿನ ಏರಿಳಿತ ವ್ಯವಸ್ಥೆಯ ಸಹಜ ಉಸಿರಾಟ. ಗೆರೆ ದಾಟಿದ್ದು ಮಾತ್ರ ವಿಚಾರಿಸಬೇಕಾದ ಘಟನೆ. ಇದೇ ಶೂಹಾರ್ಟ್ 1947–48ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಭಾರತಕ್ಕೂ ಬಂದಿದ್ದರು. ಮುಂದೆ ಭಾರತೀಯ ಸಾಂಖ್ಯಿಕ ಸಂಸ್ಥೆ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆದ ಊರುಗಳಲ್ಲಿ ಬೆಂಗಳೂರೂ ಒಂದು. ಎಂದರೆ ಈ ವಿದ್ಯೆ ನಮ್ಮಲ್ಲಿಗೆ ಐಟಿ ಕಂಪನಿಗಳ ಜೊತೆ ಬಂದದ್ದಲ್ಲ.

ಶೂಹಾರ್ಟರ ಮಾತನ್ನು ನಾಟಕದಂತೆ ಆಡಿ ತೋರಿಸಿದವರು ಅವರ ಶಿಷ್ಯಪ್ರಾಯರಾದ ಎಡ್ವರ್ಡ್ಸ್ ಡೆಮಿಂಗ್. ಅವರ ಶಿಬಿರಗಳಲ್ಲಿ ಒಂದು ಪೆಟ್ಟಿಗೆ ತುಂಬ ಮಣಿ ಇರುತ್ತಿತ್ತು, ಐದರಲ್ಲೊಂದು ಪಾಲು ಕೆಂಪು, ಉಳಿದದ್ದು ಬಿಳಿ. 50 ಗುಳಿಗಳಿರುವ ಹಲಗೆಯನ್ನು ಪೆಟ್ಟಿಗೆಯಲ್ಲಿ ಅದ್ದಿ ಎತ್ತಬೇಕು. ಬಿಳಿ ಒಳ್ಳೆಯ ಮಾಲು, ಕೆಂಪು ದೋಷ. ಸಭಿಕರಲ್ಲೇ ಆರು ಜನ ಕೆಲಸಗಾರರು, ಕೆಲವರು ತಪಾಸಣೆಯವರು. ಡೆಮಿಂಗ್ ಖುದ್ದಾಗಿ ಮೇಸ್ತ್ರಿ. ಕಡಿಮೆ ಕೆಂಪು ತಂದವನ ಬೆನ್ನು ತಟ್ಟುವರು, ಹೆಚ್ಚು ತಂದವನನ್ನು ಗದರುವರು. ಮರುಸುತ್ತಿನಲ್ಲಿ ಬೆನ್ನು ತಟ್ಟಿಸಿಕೊಂಡವನು ಕೆಡಿಸುತ್ತಾನೆ, ಬೈಸಿಕೊಂಡವನು ಸುಧಾರಿಸುತ್ತಾನೆ. ಸಭೆ ನಗುತ್ತದೆ. ನಗುವಿನ ಹಿಂದಿನ ಲೆಕ್ಕ ಇಷ್ಟು: ಸರಾಸರಿ 10 ಕೆಂಪು ಮಣಿ ಬರಬೇಕು, ಶೂಹಾರ್ಟರ ಗೆರೆಗಳನ್ನು ಎಳೆದರೆ ಅವು ಸುಮಾರು ಒಂದೂವರೆಗೆ ಮತ್ತು ಹದಿನೆಂಟೂವರೆಗೆ ಬೀಳುತ್ತವೆ. ಒಬ್ಬನಿಗೆ 4, ಇನ್ನೊಬ್ಬನಿಗೆ 17 ಬಂದರೂ ಅವರ ಕೈಚಳಕದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೆಂಪು ಕಡಿಮೆಯಾಗಬೇಕಾದರೆ ಪೆಟ್ಟಿಗೆಗೆ ಬರುವ ಮಣಿ ಬದಲಾಗಬೇಕು, ಆ ಅಧಿಕಾರ ಆರು ಜನರಲ್ಲಿ ಯಾರಿಗೂ ಇಲ್ಲ.

ಇದನ್ನು ಅರಗಿಸಿಕೊಂಡವರಿಗೆ ನಮ್ಮ ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಕೂರುವುದು ಕಷ್ಟ. ಹೋದ ತಿಂಗಳು 11 ಬಗ್, ಈ ತಿಂಗಳು 16. ಯಾಕೆ? ಯಾರಾದರೂ ಒಂದು ಕಾರಣ ಹೇಳಲೇಬೇಕು, ಹೇಳುತ್ತಾರೆ: ಹೊಸ ಹುಡುಗರು ಸೇರಿದ್ದಾರೆ, ಹಬ್ಬದ ರಜೆ ಇತ್ತು. ಕಾರಣ ಮಿನಿಟ್ಸಿಗೆ ಹೋಗುತ್ತದೆ, ಅದರ ಮೇಲೊಂದು ಹೊಸ ಚೆಕ್‌ಲಿಸ್ಟ್ ಹುಟ್ಟುತ್ತದೆ. ಮರುತಿಂಗಳು 9 ಬಂದರೆ ಕೀರ್ತಿ ಚೆಕ್‌ಲಿಸ್ಟಿಗೆ. ಹೀಗೆ ಹುಟ್ಟಿ ಯಾರೂ ಸಾಯಿಸದ ಚೆಕ್‌ಲಿಸ್ಟುಗಳ ಗುಡ್ಡೆಯನ್ನೇ ಎಷ್ಟೋ ಕಡೆ ಪ್ರೋಸೆಸ್ ಎಂದು ಕರೆಯುತ್ತಾರೆ.

ಇಲ್ಲಿಯವರೆಗಿನದು ಬರೀ ಅಜ್ಞಾನ, ತರಬೇತಿಯಿಂದ ಹೋಗುತ್ತದೆ. ತರಬೇತಿಯಿಂದ ಹೋಗದ ರೋಗ ಬೇರೆ. ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಅದನ್ನು ಹತ್ತಿರದಿಂದ ನೋಡಬಹುದು. ದೂರದ ದೇಶದ ಗ್ರಾಹಕನ ಜೊತೆಗಿನ ಒಪ್ಪಂದದಲ್ಲೇ ಬರೆದಿರುತ್ತದೆ: ಇಂಥ ದರ್ಜೆಯ ತೊಂದರೆ ಇಷ್ಟು ಗಂಟೆಯೊಳಗೆ ಬಗೆಹರಿಯಬೇಕು, ತಪ್ಪಿದರೆ ಬಿಲ್ಲಿನಲ್ಲಿ ಕಡಿತ. ಟಿಕೆಟ್ ತೆರೆದ ಕೂಡಲೆ ಗಡಿಯಾರ ಓಡತೊಡಗುತ್ತದೆ. ಗ್ರಾಹಕನಿಂದ ಮಾಹಿತಿ ಬರಬೇಕಿದೆ ಎಂದು ಗುರುತು ಹಾಕಿದರೆ ಗಡಿಯಾರ ನಿಲ್ಲುತ್ತದೆ, ನಿಯಮ ನ್ಯಾಯವಾದದ್ದೇ. ಗಡುವು ಮುಗಿಯಲು ಅರ್ಧ ಗಂಟೆ ಇದೆ ಎನ್ನುವಾಗ ಪಾಳಿಯಲ್ಲಿರುವ ಹುಡುಗಿ ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ ಎಂದು ಬರೆದು ಗುರುತು ಬದಲಿಸುತ್ತಾಳೆ. ಸ್ಕ್ರೀನ್‌ಶಾಟ್ ಮೊದಲೇ ಟಿಕೆಟ್ಟಿನಲ್ಲಿದೆ. ಆ ಕಡೆ ರಾತ್ರಿ, ಉತ್ತರ ಬರಲು ಹತ್ತು ಗಂಟೆ. ಅವಳನ್ನು ಯಾರೂ ಸುಳ್ಳಿ ಎನ್ನಲಾರರು, ಕೇಳಿದ್ದು ಒಂದು ಪ್ರಶ್ನೆ ಅಷ್ಟೆ. ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ. ಅಂಕಿ-ಅಂಶ ವಿಶ್ಲೇಷಿಸುವವರು ಇನ್ನೊಂದು ಮಹಡಿಯಲ್ಲಿ ಕೂತು, ಸರಾಸರಿ ಸಮಯ ಇಳಿದಿದೆ, ಪ್ರಕ್ರಿಯೆ ಸುಧಾರಿಸಿದೆ ಎಂದು ಗ್ರಾಫ್ ಬರೆಯುತ್ತಾರೆ. ಅವರ ಗಣಿತದಲ್ಲಿ ತಪ್ಪಿಲ್ಲ. ಆ ತೊಂದರೆ ವಾರಕ್ಕೊಮ್ಮೆ ಮರಳಿ ಬರುವುದೇಕೆ ಎಂಬುದಕ್ಕೆ ಬೇಕಾದ ಮಾಹಿತಿ ಮಾತ್ರ ಆ ಗ್ರಾಫಿನಲ್ಲಿ ಎಲ್ಲೂ ಇರುವುದಿಲ್ಲ.

ಟೈಮ್‌ಶೀಟಿನದೂ ಇದೇ ಕಥೆ. ಶುಕ್ರವಾರ ಸಂಜೆ ತುಂಬಿದ ಹಾಳೆಯಲ್ಲಿ ಸೋಮವಾರದಿಂದ ಎಲ್ಲ ದಿನವೂ ಎಂಟೇ ಗಂಟೆ. ಏರಿಳಿತವೇ ಇಲ್ಲದ ಅಂಕಿ ಯಾವ ಮನುಷ್ಯನ ಕೆಲಸದಿಂದಲೂ ಹುಟ್ಟುವುದಿಲ್ಲ. ಅದನ್ನಿಟ್ಟುಕೊಂಡು ಮುಂದಿನ ಪ್ರಾಜೆಕ್ಟಿನ ಅಂದಾಜು ಹಾಕುತ್ತಾರೆ, ಅಂದಾಜು ತಪ್ಪಿತೆಂದು ತಂಡವನ್ನು ಬೈಯುತ್ತಾರೆ. (ಆಪಲ್ ಕಂಪನಿಯ ಬಿಲ್ ಅಟ್ಕಿನ್ಸನ್ 1982ರಲ್ಲಿ ಇದಕ್ಕೆ ಒಳ್ಳೆಯ ಮದ್ದು ಅರೆದಿದ್ದರು. ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಎಂಬ ಫಾರಂ ಬಂದಾಗ, ಅವರು ಆ ವಾರ ಕೋಡನ್ನು ತಿದ್ದಿ ಚಿಕ್ಕದೂ ವೇಗದ್ದೂ ಮಾಡಿದ್ದರಿಂದ, ಮೈನಸ್ 2000 ಎಂದು ತುಂಬಿದರು. ಕೆಲವು ವಾರಗಳಲ್ಲಿ ಅವರಿಗೆ ಫಾರಂ ಕೊಡುವುದೇ ನಿಂತಿತು.)

ಅಂಕಿಗೂ ಅಪ್ರೈಸಲಿಗೂ ನಂಟಿಲ್ಲದಿದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಗಟ್ಟಿ ಆಕ್ಷೇಪವೇ. ಮೈಗಳ್ಳರಿದ್ದಾರೆ, ಕೆಲಸ ಬಾರದವರಿದ್ದಾರೆ. ಆದರೆ ಅವರನ್ನು ಗುರುತಿಸಲು ಒಂದು ವಾರ ಪಕ್ಕದಲ್ಲಿ ಕೂತು ಕೆಲಸ ಮಾಡಿದರೆ ಸಾಕು, ಡ್ಯಾಶ್‌ಬೋರ್ಡ್ ಬೇಕಿಲ್ಲ. ಪಕ್ಕದಲ್ಲಿ ಕೂರಲು ಪುರುಸೊತ್ತಿಲ್ಲದ ಮ್ಯಾನೇಜರ್ ಅಂಕಿಯನ್ನು ತನ್ನ ಕಣ್ಣಾಗಿ ಮಾಡಿಕೊಂಡಾಗಲೇ ಅದರ ಕಣ್ಣು ಹೋಗುವುದು.

ನಂಟು ಕಡಿದರೂ ಕೆಲಸ ನಡೆಯುತ್ತದೆಯೇ ಎಂಬುದಕ್ಕೆ ದಾಖಲೆ ಇದೆ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಕೋಡ್ ತಪಾಸಣೆಯ ಪದ್ಧತಿಯಲ್ಲಿ ಸಿಕ್ಕ ಪ್ರತಿ ದೋಷವನ್ನೂ ವಿಂಗಡಿಸಿ ಬರೆದಿಡಬೇಕು. ಆ ಲೆಕ್ಕ ಕೋಡ್ ಬರೆದವನ ಯೋಗ್ಯತೆ ಅಳೆಯಲು ಬಳಕೆಯಾಗಬಾರದು. ಅದಕ್ಕಿಂತ ದೊಡ್ಡ ಉದಾಹರಣೆ ಹ್ಯೂಸ್ಟನ್ನಿನಲ್ಲಿ ಬಾಹ್ಯಾಕಾಶ ಶಟಲ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ತಂಡ. ಸುಮಾರು 4,20,000 ಸಾಲುಗಳ ಪ್ರೋಗ್ರಾಂ; 1996ರ ಹೊತ್ತಿಗೆ ಹೊರಬಂದಿದ್ದ ಕೊನೆಯ ಮೂರು ಆವೃತ್ತಿಗಳಲ್ಲಿ ತಲಾ ಒಂದೇ ದೋಷ. ಅವರಲ್ಲಿ ಎರಡು ದೊಡ್ಡ ದಾಖಲೆಗಳಿದ್ದವು: ಕೋಡಿನ ಪ್ರತಿ ಸಾಲಿನ ಚರಿತ್ರೆ ಒಂದು, ಪ್ರತಿ ದೋಷದ ಚರಿತ್ರೆ ಇನ್ನೊಂದು. ದೋಷ ಯಾವಾಗ ಸಿಕ್ಕಿತು, ಏನು ಮಾಡುತ್ತಿದ್ದಾಗ ಸಿಕ್ಕಿತು, ಒಳಗೆ ನುಸುಳಿದ್ದು ಹೇಗೆ, ನಡುವಿನ ಅಷ್ಟೂ ತಪಾಸಣೆಗಳನ್ನು ದಾಟಿದ್ದು ಹೇಗೆ. ದೋಷ ತಿದ್ದಿದರೆ ಕೆಲಸ ಮುಗಿಯುತ್ತಿರಲಿಲ್ಲ, ಅದನ್ನು ಒಳಗೆ ಬಿಟ್ಟ ವಿಧಾನವನ್ನೂ ತಿದ್ದಬೇಕಿತ್ತು, ಅದೇ ಕಂಡಿಯಿಂದ ಬೇರೆ ದೋಷ ನುಸುಳಿದೆಯೇ ಎಂದು ಹುಡುಕಬೇಕಿತ್ತು. ಅವರಿಗೆ ಹಣವೂ ಸಮಯವೂ ಧಾರಾಳವಾಗಿದ್ದವು ನಿಜ. ಆದರೆ ಯಾರು ತಪ್ಪು ಮಾಡಿದರು ಎನ್ನುವ ಬದಲು ಹೇಗೆ ನುಸುಳಿತು ಎಂದು ಕೇಳಲು ಹಣ ಬೇಕಿಲ್ಲ.

ಆ ತಂಡವನ್ನು ಆಗಲೇ ಪ್ರಕ್ರಿಯಾ ಪಕ್ವತೆಯ ಐದನೇ ಹಂತದಲ್ಲಿ ಗುರುತಿಸಿದ್ದರು. ವಾಟ್ಸ್ ಹಂಫ್ರಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಆ ಐದು ಮೆಟ್ಟಿಲುಗಳಲ್ಲಿ ಅಂಕಿ-ಅಂಶದ ಆಳ್ವಿಕೆ ಬರುವುದು ನಾಲ್ಕನೆಯದರಲ್ಲಿ. ಮೊದಲು ಕೆಲಸ ಒಂದು ಹದಕ್ಕೆ ಬರಬೇಕು, ಆಮೇಲೆ ಅಳತೆಗೆ ಅರ್ಥ. ಬೆಂಗಳೂರಿನ ಮೊಟೊರೊಲಾ ಕೇಂದ್ರ 1990ರ ದಶಕದ ಮೊದಲ ಭಾಗದಲ್ಲೇ ಐದನೇ ಹಂತ ಮುಟ್ಟಿ ಹೆಸರು ಮಾಡಿತು. ಆಮೇಲೆ ಆ ಪ್ರಮಾಣಪತ್ರಕ್ಕೆ ನಮ್ಮಲ್ಲಿ ಸಾಲು ಹಚ್ಚಿದರು. ಕೆಲವೇ ವರ್ಷಗಳಲ್ಲಿ ಜಗತ್ತಿನ ಐದನೇ ಹಂತದ ಸಂಸ್ಥೆಗಳಲ್ಲಿ ದೊಡ್ಡ ಪಾಲು ಭಾರತದ್ದಾಯಿತು. ಗ್ರಾಹಕನನ್ನು ಒಲಿಸಲು ಗಳಿಸಿದ ಪದವಿ ಅದು. ಹೊರಗಿನವನಿಗೆ ತೋರಿಸಲೆಂದೇ ಇಟ್ಟ ಲೆಕ್ಕದಿಂದ ಒಳಗಿನ ಮನೆ ರಿಪೇರಿ ಎಷ್ಟು ಆದೀತು?

ಹಾಗಾದರೆ ಎರಡು ಲೆಕ್ಕ ಇಡಬೇಕೇ, ಗ್ರಾಹಕನಿಗೊಂದು, ತಂಡಕ್ಕೊಂದು? ಕೇಳಲು ಕಳ್ಳಲೆಕ್ಕದಂತಿದ್ದರೂ ನಾನು ಹೌದು ಎನ್ನುತ್ತೇನೆ. ಒಪ್ಪಂದದ ಗಡಿಯಾರ ಒಪ್ಪಂದಕ್ಕೇ ಇರಲಿ. ಯಾವ ತೊಂದರೆ ಎಷ್ಟು ಸಲ ಮರಳಿತು, ಯಾವ ಟಿಕೆಟ್ಟನ್ನು ಸುಮ್ಮನೆ ಕಾಯಿಸಿದೆವು, ಅಂದಾಜು ಎಲ್ಲಿ ಜಾರಿತು ಎಂಬುದನ್ನು ತಂಡ ತನ್ನ ಕೈಯಾರೆ ಬರೆದು ತನ್ನಲ್ಲೇ ಇಟ್ಟುಕೊಳ್ಳಲಿ. ಮೇಲಕ್ಕೆ ಹೋಗಬೇಕಾದದ್ದು ಆ ಅಂಕಿಗಳಲ್ಲ, ಅವುಗಳಿಂದ ಯಾವ ನಿಯಮ ಬದಲಾಯಿತು ಎಂಬ ಸಂಗತಿ. ತೊಡಕು ಒಂದೇ. ಇಂಥ ಪುಸ್ತಕವೊಂದಿದೆ ಎಂದು ಗೊತ್ತಾದ ಮೇಲೆ ಅದನ್ನು ತರಿಸಿ ನೋಡುವ ಆಸೆ ಯಾವ ಮೇಲಧಿಕಾರಿಗೂ ತಪ್ಪದು. ಇವತ್ತಿನ ಮ್ಯಾನೇಜರ್ ಮಾತು ಕೊಟ್ಟಿರಬಹುದು. ಬರುವ ಏಪ್ರಿಲ್‌ನಲ್ಲಿ ಅವರ ಕುರ್ಚಿಗೆ ಬರುವವರು ಆ ಮಾತಿಗೆ ಬದ್ಧರೇ ಎಂದು ತಂಡ ಕಾದು ನೋಡುತ್ತದೆ; ಅಲ್ಲಿಯವರೆಗೆ ಬಗ್‌ಗಳ ನಿಜವಾದ ಕಾರಣವನ್ನು ಯಾರೂ ಪೂರ್ತಿಯಾಗಿ ಬರೆಯುವುದಿಲ್ಲ.